ನಾಲ್ಕು ಸೇತುವೆಗಳಿಲ್ಲದ ಕರಾವಳಿಗೆ ಒಂದು ಪುಟ್ಟ ಪಿಕಪ್

ಆಟಿಕೆ ಕಾರನ್ನು ಬಿಚ್ಚಿ, ಅದರ ಮೈಗೆ ತಗಡು ಹೊದಿಸಿ, ನೆತ್ತಿಯ ಮೇಲೆ ಬಂದೂಕು ಕೂರಿಸಿ, ನಾಗರಿಕತೆ ಕುಸಿದುಬಿದ್ದ ಮೇಲಿನ ಲೋಕದ ವಾಹನವನ್ನಾಗಿ ಮಾರ್ಪಡಿಸುವ ಹವ್ಯಾಸಕ್ಕೆ ಮೇಜಿನ ಮೇಲೆ ಆಡುವ ಯುದ್ಧದಾಟಗಳೇ ಮೂಲ. ಆಟಗಾರರು ರಟ್ಟಿನಲ್ಲಿ ಕತ್ತರಿಸಿದ ನೇರ ಹಾಗೂ ಬಾಗಿದ ಪಟ್ಟಿಗಳನ್ನು ಕಾರಿನ ಮುಂದಿಟ್ಟು, ಪಟ್ಟಿಯ ತುದಿಯವರೆಗೆ ಕಾರನ್ನು ಸರಿಸಿ, ದಾಳ ಹಾಕಿ ಎದುರಾಳಿಯ ವಾಹನದೊಂದಿಗೆ ಸೆಣಸುತ್ತಾರೆ. ನಿಯಮಗಳು ಏನೇ ಇರಲಿ, ವಾಹನ ಮಾತ್ರ ಆಟಗಾರನ ಕೈಯಿಂದಲೇ ಹುಟ್ಟಬೇಕು ಎಂಬುದು ಈ ಹವ್ಯಾಸದ ರೂಢಿ. ನನ್ನ ಮಟ್ಟಿಗೆ ಇದರ ನಿಜವಾದ ಸುಖವಿರುವುದೂ ಅಲ್ಲಿಯೇ.

ಹೆಚ್ಚಿನವರು ಇಂಥ ವಾಹನಗಳನ್ನು ಮರಳುಗಾಡಿಗಾಗಿ ಕಟ್ಟುತ್ತಾರೆ. ಬಿಳಿಚಿದ ಬಣ್ಣ, ಒಣ ಧೂಳು, ಚೂಪಾದ ಮುಳ್ಳುಗಳು, ತಲೆಬುರುಡೆಗಳು ಇವೇ ಅದರ ಸಾಮಾನ್ಯ ಲಕ್ಷಣಗಳು. ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಕಾರವಾರದಲ್ಲಿ ಕುಳಿತು ಮರಳುಗಾಡಿನ ಗಾಡಿ ಮಾಡುವುದು ನನಗೆ ಒಗ್ಗಲಿಲ್ಲ. ನಮ್ಮಲ್ಲಿ ಎಲ್ಲವೂ ಕೈಕೊಟ್ಟರೆ ಮೊದಲು ಆಗುವುದೇನು ಎಂದು ಯೋಚಿಸಿದರೆ ಉತ್ತರ ಭೂಪಟದಲ್ಲಿಯೇ ಇದೆ. ರಾಷ್ಟ್ರೀಯ ಹೆದ್ದಾರಿ 66 ಉತ್ತರ ಕನ್ನಡದ ಕರಾವಳಿಯಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ದೊಡ್ಡ ನದಿಗಳನ್ನು ದಾಟುತ್ತದೆ. ಈ ನಾಲ್ಕು ಸೇತುವೆಗಳು ಇಲ್ಲವಾದರೆ ಕರಾವಳಿ ತುಂಡು ತುಂಡಾಗಿ, ಪ್ರತಿ ನದಿಯ ಒಂದು ದಡ ಇನ್ನೊಂದರಿಂದ ಕಡಿದುಹೋಗುತ್ತದೆ. ಉಳಿಯುವುದು ಘಟ್ಟ ಹತ್ತುವ ದಾರಿ ಮತ್ತು ನೀರಿನ ದಾರಿ. ಅಂಥ ಕರಾವಳಿಯಲ್ಲಿ ಬದುಕುಳಿಯುವ ವಾಹನಕ್ಕೆ ಮುಳ್ಳುಗಳು ಬೇಕಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ಇಳಿದು ಹೋಗಲು ಎತ್ತರದ ಗಾಳಿ ಕೊಳವೆ ಬೇಕು, ಕೆಸರಿನಿಂದ ಎಳೆದುಕೊಳ್ಳಲು ವಿಂಚ್ ಬೇಕು, ಡೀಸೆಲ್ ಡ್ರಮ್ ಬೇಕು, ಬಲೆ ಬೇಕು. ನಾನು ಮಾಡಿದ ಪಿಕಪ್‌ನ ಪ್ರತಿಯೊಂದು ತುಣುಕೂ ಈ ಯೋಚನೆಯಿಂದ ಬಂದದ್ದು. ಒಂದು ಭಾಗವನ್ನು ಅಂಟಿಸುವ ಮೊದಲು, ಇದನ್ನು ಇಲ್ಲಿ ಬೆಸೆದವನಿಗೆ ಏನು ತೊಂದರೆಯಿತ್ತು ಎಂದು ಕೇಳಿಕೊಳ್ಳುತ್ತೇನೆ. ಉತ್ತರ ಸಿಗದಿದ್ದರೆ ಆ ಭಾಗವನ್ನು ಡಬ್ಬಿಗೆ ಮರಳಿಸುತ್ತೇನೆ.

ಕಾರಿನ ಆಯ್ಕೆ

ಇಂಗ್ಲೆಂಡಿನಲ್ಲಿ 1953ರಲ್ಲಿ ಆರಂಭವಾದ ಮ್ಯಾಚ್‌ಬಾಕ್ಸ್ ಮತ್ತು ಅಮೆರಿಕದಲ್ಲಿ 1968ರಲ್ಲಿ ಬಂದ ಹಾಟ್ ವೀಲ್ಸ್, ಈ ಎರಡೂ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಇವುಗಳನ್ನು 1:64 ಪ್ರಮಾಣದವು, ಅಂದರೆ ನಿಜದ ಅಳತೆಯ 64ರಲ್ಲಿ ಒಂದು ಪಾಲಿನವು, ಎನ್ನುತ್ತಾರಾದರೂ ಆ ಸಂಖ್ಯೆಯನ್ನು ಅಕ್ಷರಶಃ ನಂಬಬಾರದು. ಎಲ್ಲವೂ ಒಂದೇ ಅಳತೆಯ ಪೊಟ್ಟಣದಲ್ಲಿ ಹಿಡಿಯಬೇಕಾದ್ದರಿಂದ ಬಸ್ಸೂ ಸುಮಾರು 7 ಸೆಂ.ಮೀ., ಸಣ್ಣ ಕಾರೂ ಸುಮಾರು 7 ಸೆಂ.ಮೀ. ಇರುತ್ತದೆ. ಹೀಗಾಗಿ ಬಸ್ಸು, ಲಾರಿಗಳು ನಿಜವಾದ ಲೆಕ್ಕಕ್ಕಿಂತ ಬಹಳ ಕುಗ್ಗಿರುತ್ತವೆ. 170 ಸೆಂ.ಮೀ. ಎತ್ತರದ ಮನುಷ್ಯ 1:64ರಲ್ಲಿ ಸುಮಾರು 26.5 ಮಿ.ಮೀ. ಆಗುತ್ತಾನೆ. ಆ ಉದ್ದದ ಒಂದು ಕಡ್ಡಿಯನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ಬಾಗಿಲಿನ ಪಕ್ಕ ಹಿಡಿದು ನೋಡಿದರೆ ಯಾವ ಗಾಡಿ ನಂಬುವಂತಿದೆ ಎಂಬುದು ತಕ್ಷಣ ತಿಳಿಯುತ್ತದೆ. ಪಿಕಪ್‌ಗಳು ಸಾಮಾನ್ಯವಾಗಿ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ, ಏಕೆಂದರೆ 7 ಸೆಂ.ಮೀ.ಯನ್ನು 64ರಿಂದ ಗುಣಿಸಿದರೆ ಬರುವ ನಾಲ್ಕೂವರೆ ಮೀಟರು ನಿಜವಾದ ಪಿಕಪ್‌ನ ಉದ್ದಕ್ಕೆ ಹತ್ತಿರವಿದೆ. ಮೀನಿನ ಪೆಟ್ಟಿಗೆ ಹೇರಿಕೊಂಡು ಹೆದ್ದಾರಿಯಲ್ಲಿ ಓಡುವ ಬೊಲೆರೊ ಪಿಕಪ್‌ಗಳನ್ನು ದಿನವೂ ನೋಡುವ ನಮಗೆ ಆ ಆಕಾರ ಕಣ್ಣಿಗೆ ಪಳಗಿದ್ದು ಎಂಬುದು ಇನ್ನೊಂದು ಅನುಕೂಲ.

ಇವುಗಳ ಮೇಲ್ಮೈ ಕವಚ ಕಬ್ಬಿಣದ್ದಲ್ಲ, ಸತುವಿನ ಮಿಶ್ರಲೋಹದ್ದು. ಸತುವಿಗೆ ಸುಮಾರು ಶೇ 4ರಷ್ಟು ಅಲ್ಯೂಮಿನಿಯಂ, ಅತ್ಯಲ್ಪ ಮೆಗ್ನೀಸಿಯಂ ಹಾಗೂ ಕೆಲವು ಬಗೆಗಳಲ್ಲಿ ಸ್ವಲ್ಪ ತಾಮ್ರ ಸೇರಿಸಿ ಕರಗಿಸಿ, ಒತ್ತಡದಲ್ಲಿ ಅಚ್ಚಿಗೆ ತುಂಬುತ್ತಾರೆ. ಅಯಸ್ಕಾಂತ ಇದಕ್ಕೆ ಅಂಟುವುದಿಲ್ಲ, ಮತ್ತು ಸುಮಾರು 385 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದು ಕರಗಿಹೋಗುತ್ತದೆ. ಆದ್ದರಿಂದ ಬಣ್ಣ ತೆಗೆಯಲು ಬೆಂಕಿ ತೋರಿಸುವ ಯೋಚನೆಯನ್ನು ಯಾರೂ ಮಾಡಬಾರದು. ಹೆಸರಿಲ್ಲದ ಹಳೆಯ ಅಗ್ಗದ ಕಾರುಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಲೋಹದಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ ಕಾಲಕ್ರಮೇಣ ಒಳಗಿನಿಂದಲೇ ಬಿರುಕು ಹುಟ್ಟಿ ಕವಚ ಉಬ್ಬುತ್ತದೆ, ಪುಡಿಯಾಗುತ್ತದೆ. ಸೆಕೆ ಮತ್ತು ತೇವ ಈ ರೋಗವನ್ನು ಬೆಳೆಸುತ್ತವೆ, ಕರಾವಳಿಯಲ್ಲಿ ಎರಡಕ್ಕೂ ಕೊರತೆಯಿಲ್ಲ. ಬಣ್ಣದಡಿ ಕೂದಲೆಳೆಯಂಥ ಬಿರುಕುಗಳು ಕಂಡ ಹಳೆಯ ಕಾರಿನ ಮೇಲೆ ಶ್ರಮ ಹಾಕುವುದು ಬೇಡ.

ಬಿಚ್ಚುವುದು

ಕಾರನ್ನು ತಿರುಗಿಸಿ ಹಿಡಿದರೆ ತಳದಲ್ಲಿ ಸಾಮಾನ್ಯವಾಗಿ ಎರಡು ದುಂಡನೆಯ ಹೊಳೆಯುವ ಗುಬುಟುಗಳು ಕಾಣುತ್ತವೆ. ಇವು ಬೇರೆ ತಂದು ಹಾಕಿದ ರಿವೆಟ್‌ಗಳಲ್ಲ. ಮೇಲ್ಕವಚದೊಂದಿಗೇ ಎರಕ ಹೊಯ್ದ ಎರಡು ಕಂಬಗಳು ತಳಪಾಯದ ತೂತುಗಳಿಂದ ಹೊರಬಂದಿರುತ್ತವೆ ಮತ್ತು ಕಾರ್ಖಾನೆಯಲ್ಲಿ ಅವುಗಳ ತುದಿಯನ್ನು ಒತ್ತಿ ಅಗಲಗೊಳಿಸಿರುತ್ತಾರೆ. ನಾವು ತೆಗೆಯಬೇಕಾದದ್ದು ಆ ಅಗಲವಾದ ತಲೆಯನ್ನು ಮಾತ್ರ; ಕಂಬ ಉಳಿಯಬೇಕು. ಕಾರನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ವೈಸ್‌ನಲ್ಲಿ ಮೃದುವಾಗಿ ಹಿಡಿಸಿ, ಗುಬುಟಿನ ನಡುಮಧ್ಯೆ ಸೆಂಟರ್ ಪಂಚ್‌ನಿಂದ ಒಂದು ಗುಳಿ ಮಾಡಿಕೊಳ್ಳಬೇಕು. ಈ ಗುಳಿ ಇಲ್ಲದಿದ್ದರೆ ಡ್ರಿಲ್‌ನ ಕೊರೆಯುವ ಕಡ್ಡಿ, ಅಂದರೆ ಬಿಟ್, ದುಂಡು ತಲೆಯ ಮೇಲೆ ಜಾರುತ್ತದೆ. ಮೊದಲು 1.6 ಮಿ.ಮೀ. ಬಿಟ್‌ನಿಂದ 5 ಮಿ.ಮೀ.ಯಷ್ಟು ಆಳ ಕೊರೆದು, ಆಮೇಲೆ 4 ಮಿ.ಮೀ. ಬಿಟ್‌ನಿಂದ ನಿಧಾನ ವೇಗದಲ್ಲಿ ತಲೆಯನ್ನಷ್ಟೇ ಸವೆಸಬೇಕು. ಬೆಳ್ಳಗಿನ ಸುರುಳಿ ಸುರುಳಿ ಚೂರುಗಳು ಎದ್ದು ಬಂದು, ಕೊನೆಗೆ ಒಂದು ಸಣ್ಣ ಉಂಗುರ ಬಿಟ್‌ನ ಜೊತೆ ಗಿರಗಿರನೆ ತಿರುಗತೊಡಗುತ್ತದೆ. ಆ ಉಂಗುರ ಕಂಡಿತೆಂದರೆ ತಲೆ ಕಳಚಿದೆ ಎಂದರ್ಥ. ಅಲ್ಲಿಗೆ ಡ್ರಿಲ್ ನಿಲ್ಲಿಸಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೂರಬಾರದು.

1.6 ಮಿ.ಮೀ. ತೂತಿಗೆ ಒಂದು ಕಾರಣವಿದೆ. 2 ಮಿ.ಮೀ. ಸ್ಕ್ರೂಗೆ ಟ್ಯಾಪ್ ಹೊಡೆಯಲು, ಅಂದರೆ ತೂತಿನೊಳಗೆ ಸ್ಕ್ರೂ ಕೂರುವ ಸುರುಳಿ ಗೀರು ಕೊರೆಯಲು, ಬೇಕಾದ ಅಳತೆ ಅದೇ. ಸತುವಿನ ಮಿಶ್ರಲೋಹ ಮೆದುವಾದ್ದರಿಂದ ಕೈಟ್ಯಾಪ್‌ನಿಂದ, ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದೆ ಕಾಲು ಸುತ್ತು ಹಿಂದೆ ತಿರುಗಿಸಿದರೆ ಅಚ್ಚುಕಟ್ಟಾದ ಸುರುಳಿ ಗೀರು, ಅಂದರೆ ಮರೆ, ಬೀಳುತ್ತದೆ. ಹೀಗೆ ಮಾಡಿಟ್ಟರೆ ಗಾಡಿಯನ್ನು ಎಷ್ಟು ಸಲ ಬೇಕಾದರೂ ಬಿಚ್ಚಿ ಜೋಡಿಸಬಹುದು. ಅಂಟಿನಿಂದ ಮುಚ್ಚಿದ ಗಾಡಿಗೆ ಮುಂದೆ ಚಕ್ರ ಬದಲಿಸಬೇಕೆಂದರೆ ದಾರಿಯಿರುವುದಿಲ್ಲ.

ಒಳಗೆ ಸಿಗುವುದು ಕಿಟಕಿಯ ಪಾರದರ್ಶಕ ಪ್ಲಾಸ್ಟಿಕ್, ಆಸನಗಳ ಒಂದು ತುಂಡು, ಉಕ್ಕಿನ ತಂತಿಯ ಅಚ್ಚುಗಳಲ್ಲಿ ಸಿಕ್ಕಿಸಿದ ಚಕ್ರಗಳು ಇಷ್ಟೇ. ಕಿಟಕಿಯ ಪ್ಲಾಸ್ಟಿಕ್ಕನ್ನು ಜೋಪಾನವಾಗಿ ತೆಗೆದಿಡುತ್ತೇನೆ. ಮೂಲ ಬಣ್ಣವನ್ನು ಪೂರ್ತಿ ಕಿತ್ತುಹಾಕುವ ಪದ್ಧತಿ ಹಲವರದ್ದು. ಹೇಗೂ ಮೇಲೆ ತುಕ್ಕು, ಕೆಸರು ಬರುವುದರಿಂದ 400 ಸಂಖ್ಯೆಯ ಎಮರಿ ಪೇಪರ್‌ನಿಂದ ಹೊಳಪು ಹೋಗುವಂತೆ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದರೆ ಸಾಕೆಂಬುದು ನನ್ನ ಅಭಿಪ್ರಾಯ. ಕೀಳಲೇಬೇಕೆಂದಿದ್ದರೆ ಗ್ಯಾರೇಜಿನವರು ಬಳಸುವ ಪೇಂಟ್ ರಿಮೂವರ್ ಒಳ್ಳೆಯದು. ಕಾಸ್ಟಿಕ್ ಸೋಡಾ ಮಾತ್ರ ಬೇಡ. ಅದು ಬಣ್ಣದ ಜೊತೆಗೆ ಸತುವನ್ನೂ ಅಲ್ಯೂಮಿನಿಯಮನ್ನೂ ತಿನ್ನುತ್ತದೆ, ಆಗ ಹೊರಬರುವ ಗುಳ್ಳೆಗಳು ಬೆಂಕಿ ಹೊತ್ತಿಕೊಳ್ಳುವ ಹೈಡ್ರೋಜನ್.

64ರ ಮಗ್ಗಿ

ಕಟ್ಟುವ ಹಂತದಲ್ಲಿ ನನ್ನ ಮುಖ್ಯ ಉಪಕರಣ ವರ್ನಿಯರ್ ಕ್ಯಾಲಿಪರ್. ಕೈಗೆ ಸಿಕ್ಕ ವಸ್ತುವಿನ ದಪ್ಪ ಅಳೆದು 64ರಿಂದ ಗುಣಿಸಿದರೆ ಅದು ಪುಟ್ಟ ಲೋಕದಲ್ಲಿ ಏನಾಗಬಲ್ಲದು ಎಂಬುದು ತಿಳಿಯುತ್ತದೆ. ತಂಪು ಪಾನೀಯದ ಡಬ್ಬಿಯ ಅಲ್ಯೂಮಿನಿಯಂ ಸುಮಾರು 0.1 ಮಿ.ಮೀ. ದಪ್ಪವಿರುತ್ತದೆ. ಅದು 6.4 ಮಿ.ಮೀ. ಆಗುತ್ತದೆ, ಅಂದರೆ ದೋಣಿ ಕಟ್ಟುವಲ್ಲಿ ಕಾಣುವ ದಪ್ಪ ಉಕ್ಕಿನ ಪ್ಲೇಟು. ಮಾತ್ರೆ ಪಟ್ಟಿಯ ಹಿಂಬದಿಯ ಹಾಳೆ 0.02 ಮಿ.ಮೀ. ಆಸುಪಾಸಿನದು, ಅದು ಒಂದು ಮಿಲಿಮೀಟರಿಗೆ ತುಸು ಹೆಚ್ಚಿನ ತೆಳು ತಗಡು. ಗುಂಡು ತಡೆಯುವ ಬಾಗಿಲಿಗೆ ಮೊದಲನೆಯದು, ಹರಿದ ಮಡ್‌ಗಾರ್ಡ್‌ಗೆ ತೇಪೆಯಾಗಿ ಎರಡನೆಯದು.

ಬಂದೂಕಿನ ನಳಿಗೆಗಳಿಗೆ ಔಷಧದಂಗಡಿಯ ಹೊಸ ಸೂಜಿಗಳಷ್ಟು ಒಪ್ಪುವ ವಸ್ತು ಇನ್ನೊಂದಿಲ್ಲ, ಏಕೆಂದರೆ ಅವು ನಿಜವಾಗಿ ಟೊಳ್ಳಾಗಿವೆ. ಸೂಜಿಯ ಬುಡದ ಪ್ಲಾಸ್ಟಿಕ್ಕಿನ ಬಣ್ಣವೇ ಅಳತೆಯನ್ನು ಹೇಳುತ್ತದೆ. ಕಂದು ಬಣ್ಣದ 26 ಗೇಜ್ ಸೂಜಿ 0.45 ಮಿ.ಮೀ., ಅಂದರೆ 29 ಮಿ.ಮೀ. ಹೊರವ್ಯಾಸದ ಮೆಷಿನ್‌ಗನ್ ನಳಿಗೆ. ಹಸಿರು ಬಣ್ಣದ 21 ಗೇಜ್ 0.8 ಮಿ.ಮೀ., ಅಂದರೆ 51 ಮಿ.ಮೀ. ಗುಲಾಬಿ ಬಣ್ಣದ 18 ಗೇಜ್ 1.2 ಮಿ.ಮೀ.; ಅದು 77 ಮಿ.ಮೀ.ಯ ಫಿರಂಗಿಯೇ ಆಗಿಬಿಡುತ್ತದೆ. ಪಿಕಪ್ ಮೇಲೆ ಗುಲಾಬಿ ಸೂಜಿ ಕೂರಿಸಿ ಅದನ್ನು ಮೆಷಿನ್‌ಗನ್ ಎಂದರೆ ಕಣ್ಣು ಒಪ್ಪುವುದಿಲ್ಲ, ಕಾರಣ ಹೇಳಲು ಬಾರದ ನೋಡುಗನಿಗೂ ಏನೋ ತಪ್ಪಿದೆ ಎನಿಸುತ್ತದೆ. ಸೂಜಿಯನ್ನು ಕತ್ತರಿಸಲು ಕಟ್ಟಿಂಗ್ ಪ್ಲೇಯರ್ ಬಳಸಿದರೆ ಬಾಯಿ ಅಮುಕಿ ತೂತು ಮುಚ್ಚುತ್ತದೆ. ತ್ರಿಕೋನ ಅರದಿಂದ ಸುತ್ತ ಗೀರು ಹಾಕಿ ಬಗ್ಗಿಸಿ ಮುರಿದರೆ ಬಾಯಿ ತೆರೆದೇ ಇರುತ್ತದೆ. ಮುರಿದ ಚೂಪು ತುದಿಗಳನ್ನು ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿಯೇ ಹಾಕಬೇಕು, ಮಕ್ಕಳಿರುವ ಮನೆಯಲ್ಲಂತೂ ಇದು ಕಡ್ಡಾಯ.

ಗಾಳಿ ಕೊಳವೆಗೆ 1.4 ಮಿ.ಮೀ. ದಪ್ಪದ ಒಂಟಿ ತಾಮ್ರದ ತಂತಿ ಬಳಸಿದೆ. ಅದು 90 ಮಿ.ಮೀ. ಪೈಪಿನ ಲೆಕ್ಕಕ್ಕೆ ಬರುತ್ತದೆ. ಡೀಸೆಲ್ ಎಂಜಿನ್ನು ಗಾಳಿಯ ಬದಲು ನೀರನ್ನು ಎಳೆದುಕೊಂಡರೆ ಪಿಸ್ಟನ್ ಅದನ್ನು ಅದುಮಲಾರದೆ ಕನೆಕ್ಟಿಂಗ್ ರಾಡ್ ಬಗ್ಗಿ ಎಂಜಿನ್ನೇ ಹಾಳಾಗುತ್ತದೆ. ಆದ್ದರಿಂದ ಕೊಳವೆಯ ಬಾಯಿ ಚಾಲಕನ ಕೋಣೆಯ ಮಾಡಿಗಿಂತ ಮೇಲಿರಬೇಕು, ಬುಡ ಬಾನೆಟ್‌ನ ಪಕ್ಕದಿಂದ ಹೊರಡಬೇಕು. ಹಲವು ಮಾದರಿಗಳಲ್ಲಿ ಕೊಳವೆ ಬಾಗಿಲಿನ ಮೇಲೆಯೇ ಹಾದುಹೋಗಿರುವುದನ್ನು ನೋಡಿದ್ದೇನೆ. ಆ ಬಾಗಿಲನ್ನು ತೆರೆಯುವುದಾದರೂ ಹೇಗೆ? ನಾನು ಅದನ್ನು ಮುಂಗಾಜಿನ ಕಂಬಕ್ಕೆ ತಾಗಿಸಿ ಏರಿಸಿ, 0.2 ಮಿ.ಮೀ. ತಂತಿಯ ಎರಡು ಕಟ್ಟುಗಳಿಂದ ಬಿಗಿದಿದ್ದೇನೆ.

ಹಿಂಬದಿಯ ಡ್ರಮ್ಮು 200 ಲೀಟರಿನದು. ನಿಜದಲ್ಲಿ ಅದರ ವ್ಯಾಸ ಸುಮಾರು 58 ಸೆಂ.ಮೀ., ಎತ್ತರ 88 ಸೆಂ.ಮೀ.; ಇಲ್ಲಿ 9 ಮಿ.ಮೀ. ಮತ್ತು 14 ಮಿ.ಮೀ. ಬಾಲ್‌ಪೆನ್ನಿನ ದಪ್ಪ ಕೊಳವೆಯಿಂದ ಕತ್ತರಿಸಿದ ತುಂಡಿಗೆ ಎರಡು ಸುತ್ತು ಹೊಲಿಗೆ ದಾರ ಸುತ್ತಿ ಅಂಟು ಸವರಿದರೆ ಡ್ರಮ್ಮಿನ ಉಬ್ಬುಪಟ್ಟಿಗಳೂ ಸಿದ್ಧ. ಮುಂದಿನ ಬಂಪರ್ ಹಳೆಯ ಕೊಡೆಯ ಕಡ್ಡಿಯದು. ಕೊಡೆಕಡ್ಡಿಯ ಅಡ್ಡಕೊಯ್ತ ದೋಣಿಯಾಕಾರದಲ್ಲಿರುವುದರಿಂದ ಅದು ನೋಡಲು ಚಾನೆಲ್ ಉಕ್ಕಿನಂತೆಯೇ ಇರುತ್ತದೆ, ಮತ್ತು ನಮ್ಮೂರಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಮುರಿದ ಕೊಡೆಗಳಿಗೆ ಬರವಿಲ್ಲ. ಕಿಟಕಿಗಳಿಗೆ ಸೊಳ್ಳೆ ಪರದೆಯ ಉಕ್ಕಿನ ಜಾಲರಿ. ಡೆಕ್ಕಿನ (ಹಿಂಬದಿಯ ಸರಕು ಹೇರುವ ಜಾಗದ) ಮೇಲಿನ ಸಾಮಾನು ಮುಚ್ಚಲು ಮೀನುಬಲೆಯ ತುಂಡನ್ನು ಕೆಲವರು ಬಳಸುತ್ತಾರಾದರೂ ಅದರ ಕಣ್ಣುಗಳು ಈ ಪ್ರಮಾಣಕ್ಕೆ ಬಹಳ ದೊಡ್ಡವು. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ಓರೆಯಾಗಿ ಎಳೆದು, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಹೊದಿಸಿದರೆ ಬಲೆ ಸಹಜವಾಗಿ ಕಾಣುತ್ತದೆ.

ರಿವೆಟ್‌ಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ತಗಡು ತಗಡಾಗಿ ಕಾಣುವುದು ಅವುಗಳಿಂದಲೇ. ಹಳೆಯ ಹವಾಯಿ ಚಪ್ಪಲಿಯ ರಬ್ಬರ್ ಮೇಲೆ ಮಾತ್ರೆ ಪಟ್ಟಿಯ ಹಾಳೆಯನ್ನು ಬೆನ್ನು ಮೇಲಾಗಿ ಹಾಸಿ, ಉಕ್ಕಿನ ಅಡಿಪಟ್ಟಿ ಇಟ್ಟು, ತುದಿ ಸವೆದ ಬಾಲ್‌ಪೆನ್ನಿನಿಂದ ಒಂದೂವರೆ ಮಿಲಿಮೀಟರಿಗೊಂದರಂತೆ ಒತ್ತುತ್ತ ಹೋಗಬೇಕು. ಒತ್ತಡ ಸಮನಾಗಿದ್ದರೆ ಹಾಳೆಯ ಮುಂಬದಿಯಲ್ಲಿ ಸಾಸಿವೆಗಿಂತ ಸಣ್ಣ ಉಬ್ಬುಗಳ ಸಾಲು ಮೂಡುತ್ತದೆ. ಕತ್ತರಿಸುವುದು ಆಮೇಲೆ, ಮೊದಲೇ ಕತ್ತರಿಸಿದರೆ ಅಂಚು ಮಡಚಿಕೊಳ್ಳುತ್ತದೆ. ಸಾಲು ಇಡೀ ತಗಡಿನ ಮೇಲೆ ಬೇಡ, ತಗಡು ಚೌಕಟ್ಟಿಗೆ ಸೇರುವ ಅಂಚಿನಲ್ಲಿ ಮಾತ್ರ ಸಾಕು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ಯುದ್ಧನೌಕೆಯ ಸುತ್ತ ಒಮ್ಮೆ ನಡೆದು ಬಂದರೆ, ಬಾಗಿಲಿನ ತಿರುಗಣಿ ಎಲ್ಲಿರಬೇಕು, ಹಿಡಿಕೆ ಎಷ್ಟು ದಪ್ಪವಿರಬೇಕು, ಕ್ಷಿಪಣಿಯ ಕೊಳವೆಗೆ ಆಧಾರ ಎಲ್ಲಿಂದ ಬರಬೇಕು ಎಂಬುದನ್ನು ಯಾವ ಚಿತ್ರಕ್ಕಿಂತಲೂ ಚೆನ್ನಾಗಿ ಕಲಿಯಬಹುದು.

ತೇವದ ಜೊತೆ ಕೆಲಸ

ಅಂಟುಗಳ ವರ್ತನೆ ನಮ್ಮ ಹವಾಮಾನದಲ್ಲಿ ಬೇರೆಯೇ. ಫೆವಿಕ್ವಿಕ್‌ನಂಥ ಅಂಟು ಗಟ್ಟಿಯಾಗುವುದು ಗಾಳಿಯ ತೇವದಿಂದಲೇ. ಜುಲೈ ತಿಂಗಳಲ್ಲಿ ಅದು ಕಣ್ಣುಮುಚ್ಚಿ ತೆಗೆಯುವುದರೊಳಗೆ ಹಿಡಿದುಬಿಡುತ್ತದೆ, ತುಣುಕನ್ನು ಸರಿಪಡಿಸಲು ಸಮಯ ಕೊಡುವುದಿಲ್ಲ. ಜೊತೆಗೆ ಅದರ ಆವಿ ಸುತ್ತಲಿನ ಮೇಲ್ಮೈ ಮೇಲೆ ಕೂತು ಬಿಳಿ ಮಬ್ಬನ್ನು ಬಿಡುತ್ತದೆ. ಆದ್ದರಿಂದ ಕಿಟಕಿಯ ಪ್ಲಾಸ್ಟಿಕ್ಕಿಗೆ ಇದನ್ನು ಮುಟ್ಟಿಸದೆ ಫೆವಿಕಾಲ್ ಬಳಸುತ್ತೇನೆ. ಲೋಹಕ್ಕೆ ಲೋಹ ಸೇರುವಲ್ಲಿ ಅರಾಲ್ಡೈಟ್‌ನಂಥ ಎಪಾಕ್ಸಿ ಅಂಟು ಸರಿ. ತೇವದಲ್ಲಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಕೆಲವೊಮ್ಮೆ ಜಿಡ್ಡಿನಂಥ ತೆಳುಪದರ ನಿಲ್ಲುತ್ತದೆ, ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಅದು ಹೋಗುತ್ತದೆ. ಸಂದು ತುಂಬಲು ಎಂ-ಸೀಲ್ ಸಾಕು. ಬೆಸುಗೆಯ ಗೆರೆ ಬೇಕಾದಲ್ಲಿ ಎಂ-ಸೀಲನ್ನು ದಾರದಷ್ಟು ತೆಳ್ಳಗೆ ಹೊಸೆದು ಇಟ್ಟು, ಒದ್ದೆ ಸೂಜಿಯ ಮೊನೆಯಿಂದ ಒತ್ತೊತ್ತಾಗಿ ಬಾಗು ಗುರುತುಗಳನ್ನು ಹಾಕಿದರೆ ಕೈಬೆಸುಗೆಯ ಒರಟು ಬರುತ್ತದೆ.

ಸ್ಪ್ರೇ ಬಣ್ಣಕ್ಕೂ ತೇವ ಶತ್ರು. ಗಾಳಿಯಲ್ಲಿ ಆರ್ದ್ರತೆ ಶೇ 85 ದಾಟಿದಾಗ ಹೊಡೆದರೆ ಬಣ್ಣದ ಮೇಲೆ ನೀರಾವಿ ತಣಿದು ಹಾಲಿನ ಮಬ್ಬು ಕಟ್ಟುತ್ತದೆ. ಇದಕ್ಕೆಂದು ರಟ್ಟಿನ ಪೆಟ್ಟಿಗೆಯೊಂದರಲ್ಲಿ ಹಳೆಯ ಬಗೆಯ 40 ವ್ಯಾಟ್ ಬಲ್ಬ್ ಇಟ್ಟು ಒಣಗಿಸುವ ಗೂಡು ಮಾಡಿಕೊಂಡಿದ್ದೇನೆ. ಬಲ್ಬು ರಟ್ಟಿಗೆ ತಾಗದಂತೆ ತಂತಿಯ ಪಂಜರವಿದೆ, ಮೇಲೆ ಗಾಳಿ ಹೋಗಲು ತೂತುಗಳಿವೆ. 26 ಡಿಗ್ರಿಯಲ್ಲಿ ಶೇ 90ರಷ್ಟು ಆರ್ದ್ರತೆಯಿರುವ ಗಾಳಿಯನ್ನು 36 ಡಿಗ್ರಿಗೆ ಬಿಸಿ ಮಾಡಿದರೆ, ನೀರಿನ ಪ್ರಮಾಣ ಅಷ್ಟೇ ಇದ್ದರೂ ಆರ್ದ್ರತೆ ಶೇ 50ರ ಆಸುಪಾಸಿಗೆ ಇಳಿಯುತ್ತದೆ. ಹತ್ತು ಡಿಗ್ರಿಯ ಈ ವ್ಯತ್ಯಾಸ ಆಟಿಕೆಯ ಪ್ಲಾಸ್ಟಿಕ್ಕಿಗೆ ಹಾನಿ ಮಾಡುವುದಿಲ್ಲ, ಬಣ್ಣಕ್ಕೆ ಮಾತ್ರ ಜೀವ ಕೊಡುತ್ತದೆ. ಸ್ಪ್ರೇ ಹೊಡೆಯುವುದು ಪೆಟ್ಟಿಗೆಯ ಹೊರಗೆ, ಬಲ್ಬಿನಿಂದ ದೂರದಲ್ಲಿ. ದ್ರಾವಕದ ವಾಸನೆ ಪೂರ್ತಿ ಹೋದ ಮೇಲೆಯೇ ಗಾಡಿ ಗೂಡಿಗೆ ಸೇರಬೇಕು.

ಪ್ರೈಮರ್ ವಿಷಯದಲ್ಲಿ ಒಂದು ಮಾತು. ಗೇಟಿಗೆ ಬಳಿಯುವ ರೆಡ್ ಆಕ್ಸೈಡ್ ಬಣ್ಣದಲ್ಲಿ ತುಕ್ಕಿಗೆ ಹೋಲುವುದರಿಂದ ಅದನ್ನೇ ನೇರವಾಗಿ ಬಳಿಯುವ ಆಸೆಯಾಗುತ್ತದೆ. ಆದರೆ ಎಣ್ಣೆ ಮೂಲದ ಅಂಥ ಬಣ್ಣ ಬರಿಯ ಸತುವಿನ ಮೇಲೆ ಬಾಳುವುದಿಲ್ಲ. ಸತು ಅದರೊಂದಿಗೆ ಪ್ರತಿಕ್ರಿಯಿಸಿ ನಡುವೆ ಸೋಪಿನಂಥ ಪದರ ಹುಟ್ಟುತ್ತದೆ, ಕೆಲ ಕಾಲದ ಬಳಿಕ ಬಣ್ಣ ಸಿಪ್ಪೆಯಾಗಿ ಏಳುತ್ತದೆ. ಉಜ್ಜುವಾಗ ಲೋಹ ಬಯಲಾದ ಜಾಗಗಳಿಗೆ ಮೊದಲು ವಾಹನಗಳ ಬಣ್ಣದಂಗಡಿಯಲ್ಲಿ ಸಿಗುವ, ಲೋಹವನ್ನು ತುಸು ಕೊರೆದು ಹಿಡಿಯುವ ಎಚ್ (etch) ಪ್ರೈಮರ್ ತೆಳುವಾಗಿ ಕೊಟ್ಟು, ಅನಂತರ ಬೂದು ಪ್ರೈಮರ್ ಹೊಡೆಯುವುದು ಕ್ಷೇಮ.

ಉಪ್ಪು, ತುಕ್ಕು, ಕೆಮ್ಮಣ್ಣು

ಬಣ್ಣ ಬಳಿಯುವ ಮೊದಲು ನಾನು ಬೈತಖೋಲ ಬಂದರಿನ ಕಡೆ ಹೋಗಿ ಉಕ್ಕಿನ ದೋಣಿಗಳನ್ನು ನೋಡುತ್ತೇನೆ. ಅಲ್ಲಿ ಬೆಸುಗೆ ಮಾಡುವ ಹಿರಿಯರೊಬ್ಬರಿಗೆ ನಾನು ಕಾರಿನ ಫೋಟೊ ತೋರಿಸಿ, ತುಕ್ಕು ಎಲ್ಲಿ ಬರೆಯಲಿ ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ನೀರು ನಿಲ್ಲೂ ಜಾಗ ಮೊದಲು ನೋಡು ತಮ್ಮಾ, ತುಕ್ಕು ಹುಟ್ಟೂದು ಅಲ್ಲೇ. ಆಮೇಲೆ ಅದು ಕೆಳಗೆ ಇಳೀತದೆ." ಅಂದಿನಿಂದ ನಾನು ತುಕ್ಕನ್ನು ಎಲ್ಲೆಂದರಲ್ಲಿ ಸ್ಪಂಜಿನಿಂದ ಒತ್ತುವುದಿಲ್ಲ. ಮಾಡಿನ ಮೇಲಿನ ಗುಂಡಿ, ಮುಂಗಾಜಿನ ಕೆಳಗಿನ ಸಂದು, ಡೆಕ್ಕಿನ ಮೂಲೆಗಳು, ಬಾಗಿಲಿನ ಕೆಳ ಅಂಚು ಇವು ತುಕ್ಕಿನ ತವರು. ಅಲ್ಲಿಂದ ಅದು ನೀರು ಇಳಿಯುವ ದಾರಿಯಲ್ಲಿಯೇ, ಕೆಳಗೆ ಹೋದಂತೆ ತೆಳುವಾಗುತ್ತ, ಇಳಿಯಬೇಕು. ಹಳೆಯ ತುಕ್ಕು ಕಪ್ಪುಗಂದು, ಹೊಸ ತುಕ್ಕು ಕಿತ್ತಳೆ. ಎರಡೂ ಒಂದೇ ಜಾಗದಲ್ಲಿದ್ದರೆ ಹೊಸತು ಅಂಚಿನಲ್ಲಿರಬೇಕು.

ಮೊದಲ ಪದರವಾಗಿ ಬರ್ಂಟ್ ಅಂಬರ್ ಎಂಬ ಕಡುಗಂದು, ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಎರಡನ್ನೂ ಬೆರೆಸದೆ ತೇಪೆ ತೇಪೆಯಾಗಿ ಬಳಿದು, ಮ್ಯಾಟ್ ವಾರ್ನಿಷ್‌ನಿಂದ ಭದ್ರಪಡಿಸುತ್ತೇನೆ. ಅದರ ಮೇಲೆ ಉಪ್ಪು. ಗೋಕರ್ಣದ ಬಳಿಯ ಸಾಣಿಕಟ್ಟಾದ ಗದ್ದೆಗಳಲ್ಲಿ ತೆಗೆಯುವ ಹರಳುಪ್ಪನ್ನು ಲಟ್ಟಣಿಗೆಯಿಂದ ಜಜ್ಜಿದರೆ ಒಂದೇ ಸಮನಲ್ಲದ ಚೂರುಗಳು ಬರುತ್ತವೆ, ಅದೇ ನಮಗೆ ಬೇಕಾದದ್ದು. ಅರ್ಧ ಮಿಲಿಮೀಟರಿನ ಒಂದು ಕಣ 32 ಮಿ.ಮೀ. ಅಗಲದ ಬಣ್ಣ ಕಿತ್ತ ಗಾಯವಾಗುತ್ತದೆ. ತುಕ್ಕು ಕಾಣಬೇಕಾದ ಕಡೆ ಕುಂಚದಿಂದ ನೀರು ಮುಟ್ಟಿಸಿ, ಉಪ್ಪು ಉದುರಿಸಿ, ಒಣಗಲು ಬಿಡಬೇಕು. ಇಲ್ಲಿಯೂ ಮಳೆಗಾಲದ ತಕರಾರಿದೆ. ಶುದ್ಧ ಉಪ್ಪು ಕೂಡ ಆರ್ದ್ರತೆ ಶೇ 75 ದಾಟಿದರೆ ಗಾಳಿಯ ನೀರನ್ನು ಹೀರಿ ಕರಗತೊಡಗುತ್ತದೆ. ಕಡಲುಪ್ಪಿನಲ್ಲಿ ಮೆಗ್ನೀಸಿಯಂ ಲವಣಗಳೂ ಇರುವುದರಿಂದ ಅದು ಇನ್ನೂ ಬೇಗ ನೀರೊಡೆಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಶುದ್ಧೀಕರಿಸಿದ ಪೊಟ್ಟಣದ ಹರಳುಪ್ಪು ಮತ್ತು ಬಲ್ಬಿನ ಗೂಡು, ಡಿಸೆಂಬರ್ ನಂತರ ಸಾಣಿಕಟ್ಟಾದ ಉಪ್ಪು ಮತ್ತು ಅಂಗಳದ ಬಿಸಿಲು ಎಂಬುದು ನನ್ನ ಪದ್ಧತಿ. ಉಪ್ಪು ಒಣಗಿ ಗಟ್ಟಿ ಕೂತ ಮೇಲೆ ಮೇಲ್ಬಣ್ಣವನ್ನು ಒಂದಡಿ ದೂರದಿಂದ ತೆಳುವಾಗಿ, ಹಲವು ಸಲ ಹೊಡೆಯಬೇಕು. ನನ್ನ ಪಿಕಪ್‌ಗೆ ಆರಿಸಿಕೊಂಡದ್ದು ಇಲ್ಲಿನ ದೋಣಿಗಳಲ್ಲಿ ಕಾಣುವ ಗಾಢ ನೀಲಿ. ಕೊನೆಗೆ ನೀರಿನಲ್ಲಿ ಅದ್ದಿ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಉಪ್ಪು ಕರಗಿ, ನೀಲಿಯ ನಡುವೆ ಕಂದು ಬಣ್ಣದ ಹರಿದ ಅಂಚುಗಳು ತೆರೆದುಕೊಳ್ಳುತ್ತವೆ. ಅನಂತರ ಸಿಹಿನೀರಿನಲ್ಲಿ ಹಲವು ಸಲ ತೊಳೆಯುವುದನ್ನು ಮರೆಯಬಾರದು. ಸಂದಿಯಲ್ಲಿ ಉಳಿದ ಉಪ್ಪು ಚಕ್ರದ ಉಕ್ಕಿನ ಅಚ್ಚಿಗೆ ನಿಜವಾದ ತುಕ್ಕನ್ನೇ ಹಿಡಿಸುತ್ತದೆ, ಸತುವಿನ ಮೇಲೆ ಬಿಳಿ ಪುಡಿ ಎಬ್ಬಿಸುತ್ತದೆ.

ಅಂಗಡಿಯಲ್ಲಿ ಮಾರುವ ತುಕ್ಕಿನ ಪುಡಿಬಣ್ಣ ಕೊಳ್ಳುವ ಅಗತ್ಯ ಈ ಜಿಲ್ಲೆಯವರಿಗಿಲ್ಲ. ಚಿರೆಕಲ್ಲಿನ ಕೆಂಪು ಬರುವುದೇ ಕಬ್ಬಿಣದ ಆಕ್ಸೈಡ್‌ಗಳಿಂದ. ರಾಸಾಯನಿಕವಾಗಿ ಅದು ತುಕ್ಕಿನ ಹತ್ತಿರದ ನೆಂಟ. ಚಿರೆಕಲ್ಲಿನ ಎರಡು ತುಂಡುಗಳನ್ನು ಒಂದಕ್ಕೊಂದು ತಿಕ್ಕಿ, ಉದುರಿದ ಪುಡಿಯನ್ನು ತೆಳು ಹತ್ತಿ ಬಟ್ಟೆಯಲ್ಲಿ ಎರಡು ಸಲ ಸೋಸಿದರೆ ಪೌಡರಿನಷ್ಟು ನುಣುಪಾದ ಕೆಂಪು ಸಿಗುತ್ತದೆ. ಸೋಸುವುದನ್ನು ಬಿಟ್ಟರೆ ಒಂದೊಂದು ಕಣವೂ ಈ ಪ್ರಮಾಣದಲ್ಲಿ ಜಲ್ಲಿಯಾಗಿ ಕಾಣುತ್ತದೆ. ಚಕ್ರದ ಕಮಾನು, ಬಾಗಿಲಿನ ಕೆಳಭಾಗ, ಹಿಂಬಾಗಿಲುಗಳಿಗೆ ಇದನ್ನು ಮ್ಯಾಟ್ ವಾರ್ನಿಷ್‌ನಲ್ಲಿ ಕಲಸಿ, ಒರಟು ಕುಂಚದ ಕೂದಲನ್ನು ಬೆರಳಿನಿಂದ ಮೀಟಿ ಸಿಡಿಸುತ್ತೇನೆ. ನಿಜವಾದ ಕೆಸರೂ ಹಾಗೆಯೇ ಬರುತ್ತದೆ, ಮತ್ತು ಸಿಡಿತದ ದಿಕ್ಕು ಮುಂದಿನ ಚಕ್ರದಿಂದ ಹಿಂದಕ್ಕೇ ಇರಬೇಕು. ಒಣಗಿದ ಮೇಲೆ ಕಮಾನಿನ ಒಳಗಿನ ಕೆಸರಿಗೆ ಮಾತ್ರ ಹೊಳಪು ವಾರ್ನಿಷ್ ಮುಟ್ಟಿಸಿದರೆ ಅದು ಹಸಿಯಾಗಿ ಕಾಣುತ್ತದೆ, ಹೊರಗಿನದು ಒಣಗಿದಂತೆ. ಗಾಡಿ ಈಗಷ್ಟೇ ನಿಂತಿದೆ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ನನಗೆ ಅತ್ಯಂತ ತೃಪ್ತಿ ಕೊಟ್ಟ ವಿವರವೆಂದರೆ ನೀರಿನ ಗೆರೆ. ಈ ಪಿಕಪ್ ಉಪ್ಪುನೀರಿನ ಅಳಿವೆಗಳನ್ನು ದಾಟುತ್ತದೆ ಎಂಬುದು ಕಥೆ. ಹಾಗಿದ್ದರೆ ಅದರ ಮೈಮೇಲೆ ನೀರು ಮುಟ್ಟಿದ ಮಟ್ಟದಲ್ಲಿ ಉಪ್ಪು ಒಣಗಿದ ಬಿಳಿ ಗೆರೆ ಇರಲೇಬೇಕು. ನಮ್ಮ ಕಡೆ ಮನೆಯ ಗೋಡೆಯ ಮೇಲೆ ಚಿತ್ತಾರ ಬರೆಯಲು ಬಳಸುವ ಶೇಡಿಮಣ್ಣನ್ನು ನೀರಿನಲ್ಲಿ ತೆಳುವಾಗಿ ಕದಡಿ, ಗಾಡಿಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, 11 ಮಿ.ಮೀ. ಎತ್ತರದ ಮರದ ಚೂರಿನ ಮೇಲೆ ಕುಂಚವನ್ನು ಮಲಗಿಸಿ ಹಿಡಿದು, ಗಾಡಿಯನ್ನೇ ಅದರ ಎದುರು ನಿಧಾನವಾಗಿ ತಿರುಗಿಸಿದರೆ ಸುತ್ತಲೂ ಒಂದೇ ಮಟ್ಟದ ಗೆರೆ ಬೀಳುತ್ತದೆ. 11 ಮಿ.ಮೀ. ಎಂದರೆ 70 ಸೆಂ.ಮೀ. ನೀರು. ಗೆರೆಯ ಕೆಳ ಅಂಚನ್ನು ಒದ್ದೆ ಕುಂಚದಿಂದ ಕರಗಿಸಿ ಮೇಲಂಚನ್ನು ಹಾಗೆಯೇ ಚೂಪಾಗಿ ಬಿಡಬೇಕು. ಒಂದೇ ತಂಡದ ಎಲ್ಲ ವಾಹನಗಳಿಗೂ ಇದೇ ಎತ್ತರದಲ್ಲಿ ಗೆರೆ ಎಳೆದರೆ, ಅವೆಲ್ಲ ಒಂದೇ ಹೊಳೆಯನ್ನು ಒಟ್ಟಿಗೆ ದಾಟಿ ಬಂದವು ಎಂಬುದಕ್ಕೆ ಬೇರೆ ಲಾಂಛನ ಬೇಕಾಗುವುದಿಲ್ಲ. ಕಿಟಕಿಯ ರಬ್ಬರ್ ಮತ್ತು ಡೆಕ್ಕಿನ ನೆರಳಿನ ಮೂಲೆಗಳಿಗೆ ಕಡುಹಸಿರನ್ನು ಅಂಬರ್ ಜೊತೆ ಬೆರೆಸಿ ನೀರಾಗಿ ಬಿಟ್ಟರೆ ಹಾವಸೆಯೂ ಬರುತ್ತದೆ. ಇದು ತುಸುವೇ ಇರಬೇಕು.

ಆಟಕ್ಕೆ ಇಳಿಸುವ ಮೊದಲು

ಬಂದೂಕನ್ನು ಆಟದಿಂದ ಆಟಕ್ಕೆ ಬದಲಿಸುವ ಅವಕಾಶವಿರಲೆಂದು ಡೆಕ್ಕಿನ ನಡುವೆ 3 ಮಿ.ಮೀ. ವ್ಯಾಸದ ನಿಯೋಡಿಮಿಯಂ ಅಯಸ್ಕಾಂತವೊಂದನ್ನು ಗುಳಿ ಕೊರೆದು ಕೂರಿಸಿದ್ದೇನೆ. ಕವಚ ಸತುವಿನದಾದ್ದರಿಂದ ಅಯಸ್ಕಾಂತವನ್ನು ಒಂದು ಕಡೆ ಮಾತ್ರ ಇಟ್ಟರೆ ಕೆಲಸವಾಗದು. ಬಂದೂಕಿನ ಪೀಠದಡಿ ಇನ್ನೊಂದು ಅಯಸ್ಕಾಂತ ಅಥವಾ ಉಕ್ಕಿನ ಮೊಳೆಯ ತಲೆ ಇರಬೇಕು. ಮೊಳೆಯ ತಲೆಯಾದರೆ ಧ್ರುವಗಳ ಚಿಂತೆಯಿಲ್ಲ, ಯಾವ ಪೀಠವೂ ಯಾವ ಗಾಡಿಗೂ ಹೊಂದುತ್ತದೆ. ಅಯಸ್ಕಾಂತದ ಮೇಲಿನ ನಿಕಲ್ ಲೇಪ ಗೀರಿದರೆ ಕರಾವಳಿಯ ಗಾಳಿಯಲ್ಲಿ ಅದು ಬಹಳ ಬೇಗ ಪುಡಿಯಾಗುವುದರಿಂದ, ಕೂರಿಸಿದ ಮೇಲೆ ಒಂದು ಹನಿ ಎಪಾಕ್ಸಿಯಿಂದ ಮುಚ್ಚುವುದು ಅವಶ್ಯ.

ಚಕ್ರಗಳು ತಿರುಗಬೇಕೋ ಬೇಡವೋ ಎಂಬುದು ಆಟವನ್ನು ನೋಡಿ ನಿರ್ಧರಿಸಬೇಕು. ಪಟ್ಟಿಯ ಮೇಲೆ ಸರಿಸಿ ಆಡುವಾಗ ಗಾಡಿ ಇಟ್ಟಲ್ಲಿ ನಿಲ್ಲಬೇಕು, ಮೇಜು ಸ್ವಲ್ಪ ಅಲುಗಿದರೂ ಉರುಳಬಾರದು. ಹಿಂದಿನ ಅಚ್ಚಿಗೆ ಮಾತ್ರ ಒಂದು ಚುಕ್ಕೆ ಅಂಟು ಹಾಕಿ ಮುಂದಿನದನ್ನು ಬಿಟ್ಟರೆ ಈ ಉದ್ದೇಶ ಈಡೇರುತ್ತದೆ. ಗಾಡಿಯನ್ನು ಎತ್ತರಿಸಲು ಅಚ್ಚಿನ ಮತ್ತು ತಳಪಾಯದ ನಡುವೆ 1.5 ಮಿ.ಮೀ. ಪ್ಲಾಸ್ಟಿಕ್ ತುಂಡು ಇಟ್ಟಿದ್ದೇನೆ. ಅದು ನಿಜದ ಲೆಕ್ಕದಲ್ಲಿ ಹತ್ತು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಅದಕ್ಕಿಂತ ಹೆಚ್ಚು ಎತ್ತರಿಸಿದರೆ ಚಕ್ರದ ಕಮಾನು ಬೋಳಾಗಿ ಕಾಣುತ್ತದೆ.

ಆಟ ಮುಗಿದ ಮೇಲೆ ಗಾಡಿಗಳು ಹೋಗುವುದು ರಬ್ಬರ್ ಅಂಚಿನ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ. ಹೊಸ ಚಪ್ಪಲಿ, ಚೀಲಗಳ ಜೊತೆ ಬರುವ ಸಿಲಿಕಾ ಜೆಲ್ ಪುಟ್ಟ ಪೊಟ್ಟಣಗಳನ್ನು ಅದರಲ್ಲಿ ಇಟ್ಟಿರುತ್ತೇನೆ, ಮಳೆಗಾಲದಲ್ಲಿ ಆಗಾಗ ಬದಲಿಸುತ್ತೇನೆ. ಅಚ್ಚಿನ ತುದಿಗಳಿಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಸಣ್ಣ ಹನಿಯನ್ನು ಸೂಜಿಯ ಮೊನೆಯಿಂದ ಮುಟ್ಟಿಸುವುದು ಕೊನೆಯ ಕೆಲಸ. ಇದೇ ನೀರಿನ ಗೆರೆಯೊಂದಿಗೆ ಮುಂದೆ ಕೈಗೆತ್ತಿಕೊಳ್ಳಲಿರುವುದು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಮೀನು ಒಯ್ಯುವ ಒಂದು ಮುಚ್ಚಿದ ವ್ಯಾನ್. ಅದರ ತಳದ ಗುಬುಟುಗಳನ್ನು ಕೊರೆದಾಗಿದೆ, ಮರೆ ಹಾಕುವುದು ಬಾಕಿಯಿದೆ.